ಯಾರ ಹೊಟ್ಟೆಗೆ

ಫೆಬ್ರುವರಿ 11, 2025. ಬೆಳಗ್ಗೆ 6.20

ಅಣ್ಣ ನಾಲಿಗೆ ಉಜ್ಜುತ್ತಿದ್ದಾನೆ. ಅರ್ಧ ನಿಜಲಿಂಗಪ್ಪ ಬಡಾವಣೆಗೆ ಕೇಳಿಸುತ್ತದೆ. ನನಗೆ ಬುದ್ಧಿ ಬಂದಾಗಿನಿಂದ ಇದೇ ಸುಪ್ರಭಾತ. ಕರುಳೆಲ್ಲ ಬಚ್ಚಲಿಗೆ ಬಂದು ಬೀಳಬೇಕು, ಹಾಗೆ. ಮಹಡಿಯ ರೂಮಿನಲ್ಲಿ ಟೀ ಹಿಡಿದು ಕೂತರೂ ಟೀ ಗಂಟಲಲ್ಲಿ ಇಳಿಯುವುದಿಲ್ಲ. ಅರವತ್ತೊಂದು ವರ್ಷದ ರಿಟೈರ್ಡ್ ಇಂಗ್ಲಿಷ್ ಲೆಕ್ಚರರ್, ಹೆಂಡತಿ ಮಕ್ಕಳಿಲ್ಲ, ಅಣ್ಣನ ಮನೆಯ ಮಹಡಿ. ಎಲ್ಲಿಗೆ ಹೋಗಲಿ.

ನಾನು ಪದ ತುಂಬಿ ಕೊಡುತ್ತಿರುವ ಇಂಗ್ಲಿಷ್-ಕನ್ನಡ ನಿಘಂಟಿನ ಎಕ್ಸೆಲ್ ಶೀಟಿನಲ್ಲಿ ಅದೇ ಸಾಲು. ನಂಬರ್ 212. ಅಸಾಯ್ಲ್. ಬಳಕೆ ತಪ್ಪಿದ ಇಂಗ್ಲಿಷ್ ಕ್ರಿಯಾಪದ. ಪಾಪದಿಂದಲೋ ಆರೋಪದಿಂದಲೋ ಒಬ್ಬರನ್ನು ಬಿಡಿಸುವುದು. ಐದು ಕಾಲಂ ತುಂಬಬೇಕು — ಪದ, ಮೂಲ, ಅರ್ಥಗಳು, ಕನ್ನಡ, ಒಂದು ಉದಾಹರಣೆ ವಾಕ್ಯ. ಮೊದಲ ಮೂರು ಸಲೀಸು. ಕನ್ನಡದ ಕಾಲಮ್ಮಿನಲ್ಲಿ ನಾಲ್ಕು ದಿನದಿಂದ ಕರ್ಸರ್ ಮಿಟುಕುತ್ತಿದೆ.

ನಿಘಂಟಿನ ಸಂಪಾದಕ ವಿಜಯಕುಮಾರ್, ನನ್ನ ಹಳೆಯ ವಿದ್ಯಾರ್ಥಿ. ಈಗ ನನಗೆ ಡೆಡ್‌ಲೈನ್ ಕೊಡುತ್ತಾನೆ. ನಿನ್ನೆ ಫೋನು: ‘ಸರ್, ಅದನ್ನ ಯಾರ್ ನೋಡ್ತಾರ್ರಿ? ಕ್ಷಮಿಸು ಅಂತ ಹಾಕಿ ಮುಂದಕ್ಕೆ ಹೋಗ್ರಿ.’

ಕ್ಷಮಿಸು ಅಲ್ಲ ಮಾರಾಯ. ಕ್ಷಮಿಸುವುದು ನೋವು ತಿಂದವನ ಕೆಲಸ. ಇಲ್ಲಿ ಬಿಡಿಸುವವನು ಮೂರನೆಯವನು. ಪಾದ್ರಿ, ಜಡ್ಜು, ದೇವರು. ನೋವು ತಿಂದವನನ್ನು ಯಾರೂ ಒಂದು ಮಾತು ಕೇಳುವುದೇ ಇಲ್ಲ.

ಫೆ. 14. ಮಧ್ಯಾಹ್ನ

ಮೂಲ ಹಿಡಿದು ಹೊರಟೆ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಲ್ಯಾಟಿನ್ನಿನಲ್ಲಿ ಸಾಲ್ವೆರೆ ಅಂದರೆ ಬಿಚ್ಚು, ಸಡಿಲಿಸು. ಮುಂದೆ ಅಬ್ ಸೇರಿದರೆ, ಬಿಚ್ಚಿ ಆಚೆಗೆ ಬಿಡು. ಅದು ಹಳೆಯ ಫ್ರೆಂಚರ ಬಾಯಲ್ಲಿ ನುರಿದು ಮೆತ್ತಗಾಗಿ ಇಂಗ್ಲೆಂಡಿಗೆ ಬಂದು ಅಸಾಯ್ಲ್ ಆಯಿತು. ಎಷ್ಟೋ ಕಾಲದ ಮೇಲೆ ಪಂಡಿತರು ಅದೇ ಲ್ಯಾಟಿನ್ನಿನಿಂದ ಅಬ್ಸಾಲ್ವ್ ಅನ್ನುವುದನ್ನು ನೇರವಾಗಿ ತಂದರು. ಒಂದೇ ತಾಯಿಯ ಎರಡು ಮಕ್ಕಳು. ತಡವಾಗಿ ಬಂದದ್ದು ಮನೆ ಹಿಡಿಯಿತು, ಮೊದಲು ಬಂದದ್ದು ಮೂಲೆ ಸೇರಿತು.

ಅರ್ಥಗಳು ಒಂದೆರಡಲ್ಲ. ಪಾದ್ರಿ ಪಾಪ ಕಳೆಯುವುದು. ಸತ್ತವರ ಹೆಸರೆತ್ತಿದಾಗ ‘ದೇವರು ಅವನನ್ನು ಅಸಾಯ್ಲ್ ಮಾಡಲಿ’ ಅನ್ನುವುದು, ನಾವು ಶಿವೈಕ್ಯ ಅಂದ ಹಾಗೆ. ಕೊಟ್ಟ ಮಾತಿನಿಂದ ಬಿಡಿಸುವುದು. ಒಗಟು ಬಿಡಿಸುವುದು. ಸ್ಕಾಟ್ಲೆಂಡಿನ ಕೋರ್ಟುಗಳಲ್ಲಿ ಪ್ರತಿವಾದಿಯನ್ನು ಖುಲಾಸೆ ಮಾಡಲು ಇದರ ತಮ್ಮನೊಬ್ಬ ಇನ್ನೂ ಜೀವಂತ ಇದ್ದಾನೆ. ಕೊನೆಯಲ್ಲಿ ಇನ್ನೊಂದು ಅರ್ಥ, ಸಣ್ಣ ಅಕ್ಷರದಲ್ಲಿ. ಕನ್ನಡಕ ಕೆಳಗೆ ಹಾಲ್‌ನಲ್ಲಿದೆ. ನಾಳೆ.

ಫೆ. 16, ಭಾನುವಾರ. ಸಂಜೆ 5.30

ಹರಿಹರಕ್ಕೆ ಹೋಗಿ ಬಂದೆ. ಅಣ್ಣನ ಕ್ಯಾಟರಿಂಗ್, ಯಾರದೋ ಸೀಮಂತ. ಅವನ ಜೊತೆ ಹೋಗದಿದ್ದರೆ ಮುಖ ಊದಿಸಿಕೊಳ್ಳುತ್ತಾನೆ. ಎಣ್ಣೆಗಾಯಿ, ರೊಟ್ಟಿ, ಗೋಧಿ ಹುಗ್ಗಿ. ನಾಗಕ್ಕನ ಕೈ ರುಚಿಗೆ ಎರಡು ಮಾತಿಲ್ಲ. ಹರಿಹರದ ಹತ್ತಿರದ ಸಾರಥಿ ಊರಿನವಳು. ಹದಿನಾಲ್ಕು ವರ್ಷದಿಂದ ಅಣ್ಣನ ಹತ್ತಿರ ಮುಖ್ಯ ಅಡುಗೆಯವಳು. ಮಾತು ಕಡಿಮೆ, ಸೌಟು ಜಾಸ್ತಿ.

ಐನೂರು ಜನ ಅಂದಿದ್ದರು, ಮುನ್ನೂರೂ ಬರಲಿಲ್ಲ. ಹಾಲು ಬಿಟ್ಟ ಹುಗ್ಗಿ ಎರಡು ಡಬರಿ ಹಾಗೇ ಉಳಿಯಿತು. ಅಣ್ಣ ಬಿಸಿಲಲ್ಲಿ ನಿಂತ ಗಾಡಿಗೆ ಏರಿಸಿದ. ‘ನಾಳಿಗೆ ಮೆಸ್ಸಿಗೆ ಆಗ್ತೈತೆ ಬಿಡು.’ ಹುಡುಗಿಯರ ಹಾಸ್ಟೆಲಿನ ಮೆಸ್ಸೂ ಅಣ್ಣನದೇ, ಇದು ಹೊಸದಲ್ಲ. ಭಾನುವಾರ ಮದುವೆಯಲ್ಲಿ ಉಳಿದದ್ದು ಸೋಮವಾರ ಹಾಸ್ಟೆಲ್ ಹುಡುಗಿಯರ ತಟ್ಟೆಗೆ. ಎಷ್ಟೋ ವರ್ಷದಿಂದ ನೋಡಿದ್ದೇನೆ. ಹೇಸಿಗೆ ಅನಿಸುತ್ತದೆ. ಅನಿಸಿ, ಮಹಡಿ ಹತ್ತುತ್ತೇನೆ.

ಫೆ. 17. ಬೆಳಗ್ಗೆ 7.40

ಅಣ್ಣನ ಫೋನು ನಾನು ತೆಗೆದೆ. ಏನೂ ಇಲ್ಲ. ಆಮೇಲೆ ಬರೆಯುತ್ತೇನೆ.

ಫೆ. 22

ಬರೆಯಲಿಲ್ಲ.

ನಲವತ್ತಮೂರು ಹುಡುಗಿಯರು. ಸೋಮವಾರ ಮಧ್ಯಾಹ್ನದಿಂದ ಒಬ್ಬೊಬ್ಬರೇ. ವಾಂತಿ, ಭೇದಿ, ಜ್ವರ. ಆಸ್ಪತ್ರೆಯ ಕಾರಿಡಾರಿನಲ್ಲೂ ಬೆಡ್ ಹಾಕಿದ್ದರಂತೆ. ರಶ್ಮಿತಾ ಅನ್ನುವ ಹುಡುಗಿ ಐಸಿಯುನಲ್ಲಿ, ಕಿಡ್ನಿಗೆ ಪೆಟ್ಟು. ನೀಟ್ ಪರೀಕ್ಷೆಗೆ ಎರಡನೇ ಸಲ ಓದುತ್ತಿದ್ದವಳು. ಅಣ್ಣ ಹಣ್ಣಿನ ಬುಟ್ಟಿ ತೆಗೆದುಕೊಂಡು ಹೋಗಿ, ಬುಟ್ಟಿಯ ಜೊತೆ ಫೋಟೊ ತೆಗೆಸಿಕೊಂಡು ಬಂದ. ಆ ಫೋಟೊ ವಾಟ್ಸಾಪ್ ಸ್ಟೇಟಸ್ ಕೂಡ ಆಯಿತು. ನೋಡಿ ಮೊಬೈಲು ಮಗುಚಿ ಇಟ್ಟೆ.

ಆಹಾರ ಸುರಕ್ಷತೆಯವರ ನೋಟಿಸ್ ಬಂತು. ವಿವರಣೆ ಕೊಡಬೇಕು. ‘ಲೇ ರುದ್ರ, ಇಂಗ್ಲಿಷ್‌ನಾಗೆ ಗಟ್ಟಿಯಾಗಿ ಒಂದು ಬರಿ,’ ಅಂದ ಅಣ್ಣ. ಬರೆದೆ. ಎರಡು ಪುಟ. ಮುಖ್ಯ ಅಡುಗೆಯವರು ಆಡಳಿತದ ಗಮನಕ್ಕೆ ತಾರದೆ, ತಮ್ಮ ಸ್ವಂತ ನಿರ್ಧಾರದಿಂದ ಹಿಂದಿನ ದಿನದ ಪದಾರ್ಥವನ್ನು ಬಡಿಸಿದರು ಎಂಬ ಅರ್ಥದ ಒಂದು ವಾಕ್ಯ. ಮೂರು ಸಲ ತಿದ್ದಿದೆ. ಅಲ್ಪವಿರಾಮ ಎಲ್ಲಿ ಬರಬೇಕೋ ಅಲ್ಲೇ ಬಂತು. ಮೂವತ್ತೆರಡು ವರ್ಷ ಪಾಠ ಮಾಡಿದ ಇಂಗ್ಲಿಷು ಕೊನೆಗೆ ಇಷ್ಟಕ್ಕೆ ಉಪಯೋಗ ಬಿತ್ತು.

ಅಣ್ಣ ಓದಲಿಲ್ಲ, ಓದಲು ಬರುವುದೂ ಇಲ್ಲ. ತೂಗಿ ನೋಡಿದವನಂತೆ ಕೈಯಲ್ಲಿ ಹಿಡಿದು ‘ಚಲೋ ಐತೆ’ ಅಂದ.

ಫೆ. 27

ನಿನ್ನೆ ಶಿವರಾತ್ರಿ. ಮನೆಯಲ್ಲಿ ಎಲ್ಲರೂ ಉಪವಾಸ. ಅಣ್ಣ ಹಣೆ ತುಂಬ ವಿಭೂತಿ ಬಳಿದುಕೊಂಡು ಟಿವಿ ಮುಂದೆ. ನಾಗಕ್ಕನನ್ನು ಮೊನ್ನೆ ಪೊಲೀಸರು ಕರೆದುಕೊಂಡು ಹೋದವರು ಒಂದು ರಾತ್ರಿ ಇಟ್ಟುಕೊಂಡು ಬೇಲ್ ಮೇಲೆ ಬಿಟ್ಟರಂತೆ. ಅಜಾಗರೂಕತೆಯ ಕೇಸು. ಎಫ್‌ಐಆರ್‌ನಲ್ಲಿ ಹೆಸರು ಅವಳದೊಂದೇ. ಆಧಾರ — ನನ್ನ ಎರಡು ಪುಟ.

ಕಸ್ತೂರಮ್ಮ ಅತ್ತಿಗೆ ಖರ್ಜೂರದ ಬೀಜ ತೆಗೆಯುತ್ತ ಅಂದರು: ‘ಪಾಪ, ನಾಗಕ್ಕ ಒಳ್ಳೇಕಿನೇ. ಆದ್ರ ಅಡ್ಗಿ ಮನ್ಯಾಗ ಆದದ್ದಕ್ಕೆ ಅಡ್ಗಿಯವ್ರೇ ಅಲ್ವೇನ್ರಿ ಹೊಣೆ?’ ಮಾತು ಬಾಯಿತನಕ ಬಂತು. ಖರ್ಜೂರ ಹಾಕಿಕೊಂಡೆ ಬಾಯಿಗೆ.

ವಿಜಯಕುಮಾರ್ ಮೆಸೇಜ್: 212 ಇನ್ನೂ ಖಾಲಿ ಸರ್.

ಮಾರ್ಚ್ 3, ಸೋಮವಾರ. ಸಂಜೆ

ಇವತ್ತಿನದನ್ನು ಬರೆಯಲೇಬೇಕು. ಬರೆಯದಿದ್ದರೆ ಹೊಟ್ಟೆಯಲ್ಲಿ ಕೊಳೆಯುತ್ತದೆ.

ಬೆಳಗ್ಗೆ ಎಲ್ಲರೂ ಹರಿಹರಕ್ಕೆ. ಅಣ್ಣ ದೇವಸ್ಥಾನದಲ್ಲಿ ತಪ್ಪು ಕಾಣಿಕೆ ಹಾಕಿದ. ನಮ್ಮಲ್ಲಿ ಮೊದಲಿನಿಂದಲೂ ನಡೆದು ಬಂದದ್ದು. ತಪ್ಪಾಗಿದೆ ಅಂತ ದೇವರ ಮುಂದೆ ಹಣೆ ಹಚ್ಚಿ ಕಾಣಿಕೆ ಹಾಕುವುದು. ಯಾವ ತಪ್ಪು ಅಂತ ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಅದೇ ಅನುಕೂಲ. ಅಣ್ಣ ಕಣ್ಣು ಮುಚ್ಚಿ ನಿಂತಿದ್ದ. ಹೊರಗೆ ಬಂದಾಗ ಮುಖದಲ್ಲಿ ನಿಜಕ್ಕೂ ಕಳೆ. ಹೊಟ್ಟೆ ಹಗುರಾದವರ ಮುಖ.

ಆಮೇಲೆ ಅಲ್ಲೇ ನಂಟರ ಮನೆಯಲ್ಲಿ ಹಿರಿಯರು ಕೂತರು. ಮಾಯಕೊಂಡದ ಬಕ್ಕೇಶಪ್ಪಜ್ಜ ನಡುವೆ. ನಮ್ಮ ಬಳಗದ ಎಂತಹ ಜಗಳ ಇದ್ದರೂ ಅವನೇ ಬಗೆಹರಿಸುವವನು. ವಾಡಿಕೆ ಏನೆಂದರೆ, ತಪ್ಪು ಮಾಡಿದವರು ಹಿರಿಯರ ಕಾಲಿಗೆ ಬೀಳಬೇಕು, ‘ಹೊಟ್ಟೆಗೆ ಹಾಕ್ಕೊಳ್ರಿ’ ಅನ್ನಬೇಕು. ಹಿರಿಯರು ‘ಹಾಕ್ಕೊಂಡ್ವಿ’ ಅಂದು ವೀಳ್ಯ ಕೊಡಬೇಕು. ವೀಳ್ಯ ಕೈಗೆ ಬಂತೋ ಮುಗಿಯಿತು, ಆ ಸುದ್ದಿ ಮತ್ತೆ ಯಾರೂ ಎತ್ತುವಂತಿಲ್ಲ.

ಕಾಲಿಗೆ ಬೀಳಬೇಕಾದವಳು ನಾಗಕ್ಕ!

ಅವಳನ್ನು ಸಾರಥಿಯಿಂದ ಕರೆಸಿದ್ದರು. ಬಾಗಿಲ ಹತ್ತಿರ ಸೆರಗು ಹೊದ್ದು ನಿಂತಿದ್ದಳು. ಸೊರಗಿದ್ದಳು. ಯಾರೂ ಕೂರು ಅನ್ನಲಿಲ್ಲ.

ಬಕ್ಕೇಶಪ್ಪಜ್ಜ ಎಲೆಗೆ ಸುಣ್ಣ ಹಚ್ಚುತ್ತ ಶುರು ಮಾಡಿದ. ‘ನೋಡವ್ವ ನಾಗಕ್ಕ, ಆಗಿದ್ದು ಆಗೋತು. ತಪ್ಪಾತು ಅಂತ ಒಂದು ಮಾತು ಅಂದ್ಬಿಡು. ನಿಮ್ಮ ಸಾವ್ಕಾರ ಉಜ್ಜನಪ್ಪ ದೊಡ್ಡ ಮನಸ್ಸಿನವ, ಹೊಟ್ಟಿಗೆ ಹಾಕ್ಕೊಂತಾನೆ. ವಕೀಲರನ್ನೂ ತಾನೇ ಇಡ್ತಾನೆ, ಕೇಸು ಸಡ್ಲ ಮಾಡಿಸ್ತಾನೆ. ಈ ಕಾಗದಕ್ಕೊಂದು ಸಹಿ ಹಾಕು.’

‘ಏನೈತ್ರಿ ಅದ್ರಾಗೆ?’

ಎಲ್ಲರೂ ನನ್ನ ಕಡೆ ನೋಡಿದರು. ಕಾಗದ ಇಂಗ್ಲಿಷಿನದು. ಅದೂ ನಾನೇ ಬರೆದದ್ದು. ಕನ್ನಡದಲ್ಲಿ ಹೇಳಿದೆ. ಹೇಳುವಾಗ ಒಂದೊಂದು ಪದವನ್ನೂ ಮೆತ್ತಗೆ ಮಾಡಿದೆ — ಅಜಾಗರೂಕತೆ ಅನ್ನುವುದನ್ನು ‘ಸ್ವಲ್ಪ ಗಮನ ತಪ್ಪಿ’ ಅಂದೆ. ಇಂತಹ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ.

ನಾಗಕ್ಕ ಕೇಳಿಸಿಕೊಂಡಳು. ಗಟ್ಟಿಯಾಗೇನೂ ಮಾತಾಡಲಿಲ್ಲ. ‘ಹೊಟ್ಟಿಗೆ ಹಾಕ್ಕೊಂಡವ್ರು ಸಾವ್ಕಾರ್ರಲ್ರಿ ಅಜ್ಜಾರೆ. ಹಾಸ್ಟೆಲ್ ಹುಡ್ಗೇರು. ಅವ್ರನ್ನ ಕರ್ಸ್ರಿ, ಬೀಳ್ತೀನಿ ಕಾಲಿಗೆ. ಸಾವ್ಕಾರ್ರೂ ಬೀಳ್ಲಿ ಜತಿಗೆ.’

ಅಣ್ಣ ಎದ್ದ. ಅಜ್ಜ ಕೈ ಹಿಡಿದು ಕೂರಿಸಿದ.

ಅವಳು ನನ್ನನ್ನೇ ನೋಡಿದಳು. ‘ಮೇಷ್ಟ್ರೆ, ಅವತ್ತು ಫೋನಿನಾಗೆ ನೀವೇ ಮಾತಾಡಿದ್ರಿ. ಏನಂದ್ರಿ ಅನ್ನೋದು ಇವ್ರಿಗೆ ಹೇಳ್ರಿ.’

ವೀಳ್ಯದ ತಟ್ಟೆ ನೋಡಿದೆ. ಒಂಬತ್ತು ಎಲೆ, ಐದು ಅಡಿಕೆ. ‘ನನಗೆ ಸರಿಯಾಗಿ ನೆನಪಿಲ್ಲ,’ ಅಂದೆ.

ಅವಳು ಸಹಿ ಹಾಕಲಿಲ್ಲ. ಹೋದಳು. ಬಕ್ಕೇಶಪ್ಪಜ್ಜ ವೀಳ್ಯ ವಾಪಸು ಇಡಬಾರದು ಅಂತ ಅಣ್ಣನ ಕೈಗೇ ಕೊಟ್ಟ. ‘ನಿನ್ನ ಕಡಿಂದ ನೀನು ಮಾಡಿದ್ದೀಯ, ಇನ್ನ ಅಕಿ ಹಣೆಬರ.’ ಅಣ್ಣ ಎಲೆ ಮಡಿಚಿ ಬಾಯಿಗೆ ಹಾಕಿಕೊಂಡ. ತಪ್ಪು ಮಾಡಿದವನು ಕ್ಷಮಿಸುವವನ ಜಾಗದಲ್ಲಿ ಕೂತು ಎಲೆ ಅಡಿಕೆ ಜಗಿದ.

ಆಮೇಲೆ ಊಟ. ಏನು ಮಾಡಿಸಿದ್ದರು ಗೊತ್ತೇ? ಹುಗ್ಗಿ. ‘ಶುಭಕ್ಕೆ ಸಿಹಿ ಇರ್ಲಿ ಅಂತ,’ ಅಂದರು ಅತ್ತಿಗೆ. ಎಲ್ಲರೂ ತುಪ್ಪ ಬಿಡಿಸಿಕೊಂಡು ಸುರಿದು ಉಂಡರು. ನಾನೂ ಉಂಡೆ. ಎದ್ದು ಹೋಗಲಿಲ್ಲ, ಬೇಡ ಅನ್ನಲಿಲ್ಲ. ವಾಪಸು ಬರುವಾಗ ಹೈವೇ ಬದಿ ಕಾರು ನಿಲ್ಲಿಸಿ ಎಲ್ಲ ಕಾರಿಕೊಂಡೆ. ಅಣ್ಣ ನೀರಿನ ಬಾಟಲಿ ಕೊಟ್ಟು ಬೆನ್ನು ಸವರಿದ. ‘ಪಿತ್ತ ಆಗಿರ್ಬೇಕು ನಿನಗೆ.’

ಆ ಕೈ ನೆನೆದರೆ ಇನ್ನೂ ಮೈ ಜುಮ್ ಅನ್ನುತ್ತದೆ. ಪ್ರೀತಿಯಿಂದಲೇ ಸವರಿದ. ಅದೇ ಅಸಹ್ಯ.

ಮಾ. 4. ಬೆಳಗ್ಗೆ 5

ನೆನಪಿದೆ. ಒಂದೊಂದು ಅಕ್ಷರವೂ ನೆನಪಿದೆ. ಇಲ್ಲಿ ಓದುವವರು ಯಾರೂ ಇಲ್ಲ, ಇಲ್ಲೂ ಎರಡು ವಾರದಿಂದ ಬಚ್ಚಿಟ್ಟಿದ್ದೇನೆ. ಥೂ.

ಫೆಬ್ರುವರಿ 17. ಏಳೂವರೆ ಇರಬೇಕು. ಅಣ್ಣ ಪೂಜೆಗೆ ಕೂತಿದ್ದ. ಹಾಲ್‌ನಲ್ಲಿ ಅವನ ಮೊಬೈಲು ಬಡಿದುಕೊಳ್ಳುತ್ತಿತ್ತು, ನಾನು ಎತ್ತಿದೆ. ಮೆಸ್ಸಿನಿಂದ ನಾಗಕ್ಕ. ‘ಮೇಷ್ಟ್ರೆ, ಹುಗ್ಗಿ ಹುಳಿ ವಾಸ್ನೆ ಹೊಡಿತೈತೆ. ಮ್ಯಾಗೆ ನೊರಿ ಬಂದೈತೆ. ಚೆಲ್ಲಿಬಿಡ್ಲಾ? ಉಪ್ಪಿಟ್ಟು ಮಾಡಾಕೆ ಇನ್ನೂ ಟೈಮೈತೆ. ಸಾವ್ಕಾರ್ರನ್ನ ಒಂದು ಮಾತು ಕೇಳ್ರಿ.’

ದೇವರ ಕೋಣೆ ಬಾಗಿಲಿಗೆ ಹೋಗಿ ಕೇಳಿದೆ. ಅಣ್ಣ ತಿರುಗಲೂ ಇಲ್ಲ. ‘ಚೆಲ್ತಾಳಂತಾ? ಬೆಲ್ಲ ಹಾಕಿ ಇನ್ನೊಂದು ಕುದಿ ಕುದಿಸಾಕೆ ಹೇಳು. ಮ್ಯಾಲೆ ತುಪ್ಪ ಬಿಡ್ಲಿ.’

ಹಾಗೇ ಹೇಳಿದೆ ಫೋನಿಗೆ. ‘ಬ್ಯಾಡ್ರಿ ಮೇಷ್ಟ್ರೆ, ಹುಡ್ಗೇರು ಉಣ್ಣಾದು,’ ಅಂದಳು. ಮೇಲೆ ನನ್ನ ಟೀ ಆರುತ್ತಿತ್ತು. ಆಗ ನಾನು — ಅಣ್ಣ ಅಲ್ಲ, ನಾನು — ಅಂದೆ: ‘ಏನೂ ಆಗಲ್ಲ ನಾಗಕ್ಕ, ಬಡಿಸು.’

ಅವಳು ನನ್ನ ಮಾತು ನಂಬಿದಳು. ಮೇಷ್ಟ್ರು, ಓದಿದವರು, ಸುಳ್ಳು ಹೇಳುವುದಿಲ್ಲ ಅಂತ. ಟೀ ಆರಿಯೇ ಹೋಗಿತ್ತು. ಚೆಲ್ಲಿದೆ. ಟೀ ಚೆಲ್ಲಲು ನನಗೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ.

ಮಾ. 12. ಸಾರಥಿಯಿಂದ ಬಂದು

ಎಂಟು ದಿನ ಏನೂ ಬರೆದಿಲ್ಲ. ನಿಘಂಟೂ ಇಲ್ಲ. ಅಣ್ಣನ ನಾಲಿಗೆ ಉಜ್ಜುವ ಸದ್ದು ಕೇಳಿದರೆ ಈಗ ನನ್ನ ನಾಲಿಗೆಯೇ ನೆನಪಾಗುತ್ತದೆ.

ಇವತ್ತು ಬಸ್ ಹತ್ತಿ ಹರಿಹರಕ್ಕೆ ಹೋಗಿ, ಅಲ್ಲಿಂದ ಆಟೊ ಹಿಡಿದು ಸಾರಥಿಗೆ ಹೋದೆ. ನಾಗಕ್ಕನ ಮನೆ ಕೇಳಿದರೆ ಒಬ್ಬ ‘ವಿಷದ ನಾಗಕ್ಕನಾ?’ ಅಂದ. ನಗುತ್ತ ಅಂದ. ಬಾರಿಸಬೇಕು ಅನಿಸಿತು. ಆ ಹೆಸರು ಇಟ್ಟವನು ನಾನೇ ಅಂತ ಹೊಳೆದು ಕೈ ಕೆಳಗಾಯಿತು.

ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದಳು. ನೋಡಿದಳು, ಏಳಲಿಲ್ಲ. ನಾನೇ ಕಟ್ಟೆಯ ತುದಿಗೆ ಕೂತೆ. ಈ ಕಡೆ ಯಾರ ಮನೆಗೆ ಹೋದರೂ, ಹಗೆಯವರ ಮನೆಗೇ ಆದರೂ, ಮೊದಲು ಒಂದು ತಂಬಿಗೆ ನೀರು ಬರುತ್ತದೆ. ಹತ್ತು ನಿಮಿಷವಾದರೂ ಬರಲಿಲ್ಲ. ಬಿಸಿಲಿಗೆ ಗಂಟಲು ಒಣಗಿತ್ತು. ಬಾಯಿ ಬಿಟ್ಟು ಕೇಳಿದೆ.

‘ನಮ್ಮನಿ ನೀರು ಈಗ ಯಾರೂ ಕುಡಿಯಂಗಿಲ್ರಿ,’ ಅಂದಳು. ‘ನಮ್ಮಣ್ಣ ಕಾಟಪ್ಪನ ಮನ್ಯಾಗ ಮೊನ್ನೆ ದೇವರ ಊಟ ಇತ್ತು. ಸೌಟು ಹಿಡಿದೆ. ಕೈಯಿಂದ ಕಿತ್ಗೊಂಡ್ರು. ಸಿಟ್ಟಿಲ್ಲ, ಬೈಲಿಲ್ಲ. ನೀನು ಕೂತ್ಕೋ ನಾಗಕ್ಕ, ಸುಸ್ತಾಗಿರ್ತೀಯ ಅಂದ್ರು. ಹದಿನಾರು ವರ್ಷಕ್ಕೆ ಸೌಟು ಹಿಡಿದೋಳು ನಾನು. ಇನ್ನ ಏನ್ ಮಾಡ್ಲಿ ಹೇಳ್ರಿ ಈ ಕೈ ಇಟ್ಕೊಂಡು?’

ತಪ್ಪಾಯಿತು, ಕ್ಷಮಿಸು ಅಂದೆ. ಬಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡು ಹೋಗಿದ್ದೆ. ಬಾಯಿಂದ ಬಂದಾಗ ಪರೀಕ್ಷೆಗೆ ಉರು ಹೊಡೆದ ಉತ್ತರದ ಹಾಗಿತ್ತು.

ಅಕ್ಕಿ ಆರಿಸುತ್ತಲೇ ಇದ್ದಳು. ‘ನನ್ನ ಕ್ಷಮೆ ತಗೊಂಡು ಏನ್ಮಾಡ್ತೀರಿ? ಜೇಬಿನಾಗ ಇಟ್ಕೊಂಡು ಮನಿಗೆ ಹೋಗ್ತೀರಿ. ಚಲೋ ನಿದ್ದಿ ಬರ್ತೈತೆ ನಿಮಗೆ. ಕೇಸು ನನ್ನ ಮ್ಯಾಗೆ ಹಂಗೇ ಇರ್ತೈತೆ.’

‘ಏನು ಮಾಡಲಿ ಹೇಳು.’

‘ಅಂದಿದ್ದನ್ನ ಅಂದೆ ಅನ್ರಿ, ಬರಕೊಡ್ರಿ. ಇಂಗ್ಲಿಷ್‌ನಾಗ ಬ್ಯಾಡ, ನಮಗೆ ತಿಳಿಯಂಗೆ. ನೀರು ಆಮ್ಯಾಲೆ.’

ಆಟೊ ಸಿಗಲಿಲ್ಲ. ಒಣ ಗಂಟಲಲ್ಲೇ ಮುಖ್ಯ ರಸ್ತೆಯವರೆಗೆ ನಡೆದೆ.

ಮಾ. 13

ಕನ್ನಡಕ ಹಾಕಿಕೊಂಡು ಆ ಸಣ್ಣ ಅಕ್ಷರದ ಅರ್ಥ ಓದಿದೆ. ಒಂದು ತಿಂಗಳು ತಡ. ಅಸಾಯ್ಲ್ — ತಾನು ಮಾಡಿದ್ದನ್ನು ತಾನೇ ತೀರಿಸುವುದು, ಪ್ರಾಯಶ್ಚಿತ್ತ ಮಾಡುವುದು. ಇಲ್ಲಿ ಪಾದ್ರಿ ಇಲ್ಲ, ಜಡ್ಜ್ ಇಲ್ಲ. ಕರ್ತೃ ತಪ್ಪು ಮಾಡಿದವನೇ. ಎಲ್ಲ ಅರ್ಥಗಳಿಗಿಂತ ಮೊದಲು ಜನ ಕೈಬಿಟ್ಟದ್ದು ಇದನ್ನೇ ಇರಬೇಕು. ಯಾಕೆ ಅಂತ ಗೊತ್ತು.

ಮಧ್ಯಾಹ್ನ ಊಟದ ಮೇಜಿನಲ್ಲೇ ಅಣ್ಣನಿಗೆ ಹೇಳಿದೆ. ಸ್ಟೇಷನ್ನಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಬರೆದು ಕೊಡುತ್ತೇನೆ ಅಂತ. ಅತ್ತಿಗೆಯ ಕೈಯಲ್ಲಿ ಸಾರಿನ ಸೌಟು ಹಾಗೇ ನಿಂತಿತು.

ಅಣ್ಣ ಕೂಗಾಡುತ್ತಾನೆ ಅಂದುಕೊಂಡಿದ್ದೆ. ಕೂಗಲಿಲ್ಲ. ಮೊಸರನ್ನ ಕಲಸುತ್ತ ಹೇಳಿದ: ‘ಕೊಡು. ಆದ್ರ ಪೂರ್ತಿ ಕೊಡು. ನಾನು ಕುದಿಸು ಅಂದೆ, ಅಷ್ಟೇ. ಏನೂ ಆಗಲ್ಲ, ಬಡಿಸು ಅಂದವ ನೀನು. ಪೂಜಿ ಮನಿಗೆ ಕೇಳಿಸ್ತು ನನಗೆ.’

ಕೇಳಿಸಿತ್ತು! ಇಷ್ಟು ದಿನ ಅವನಿಗೂ ಗೊತ್ತಿತ್ತು. ಹಣ್ಣಿನ ಬುಟ್ಟಿ ಹಿಡಿದಾಗ, ಬೆನ್ನು ಸವರಿದಾಗ, ಎಲ್ಲ ಗೊತ್ತಿತ್ತು. ಅದಕ್ಕೇ ನನ್ನ ಕೈಯಲ್ಲೇ ಬರೆಸಿದ.

‘ನಾನು ಒಳಗೆ ಹೋದ್ರೆ ನೀನೂ ಬರ್ತೀಯ ರುದ್ರ,’ ಅಂದ. ‘ಈ ವಯಸ್ಸಿನಾಗ ಯಾಕ ಬೇಕು? ಅಕಿಗೆ ನಾಲ್ಕು ದಿನ ತ್ರಾಸು. ಆಮ್ಯಾಲೆ ಜನ ಮರೀತಾರೆ. ಉಣ್ಣು, ಆರ್ತೈತೆ.’

ಅವನ ಬೆರಳ ಸಂದಿಯಿಂದ ಮೊಸರು ಇಳಿಯುತ್ತಿತ್ತು. ಎದ್ದೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಮೇಜಿನಿಂದ ಅರ್ಧಕ್ಕೆ ಎದ್ದದ್ದು. ಮಹಡಿ ಹತ್ತಿ ಬಾಗಿಲು ಹಾಕಿಕೊಂಡೆ. ಧೈರ್ಯ ಏನೂ ಅಲ್ಲ. ಹೆದರಿಕೆ. ಕಟಕಟೆ ಕಣ್ಣಿಗೆ ಕಟ್ಟಿತು. ನನ್ನ ವಿದ್ಯಾರ್ಥಿಗಳು ಪೇಪರಿನಲ್ಲಿ ನನ್ನ ಫೋಟೊ ನೋಡುವುದು ಕಟ್ಟಿತು.

ಮಾ. 14

ಹೋಗಲಿಲ್ಲ. ಹೊಟ್ಟೆ ಸರಿ ಇಲ್ಲ ಅಂತ ಮಲಗಿದೆ. ಹೊಟ್ಟೆ ಸರಿಯಾಗೇ ಇತ್ತು.

ಮಾ. 15, ಶನಿವಾರ

ಹೋದೆ.

ಸಬ್‌ ಇನ್ಸ್‌ಪೆಕ್ಟರ್ ಚಿಕ್ಕ ವಯಸ್ಸಿನವರು. ನನ್ನ ಎರಡು ಪುಟ ಫೈಲಿನಲ್ಲೇ ಇತ್ತು. ತೆಗೆದು ಮೇಜಿನ ಮೇಲಿಟ್ಟರು. ‘ಇದು ನಿಮ್ದೇ ಏನ್ರಿ ಸರ್? ಬಹಳ ಚೆನ್ನಾಗಿ ಬರ್ದೀರಿ.’ ನನ್ನದೇ ಅಂದೆ. ಆದರೆ ಬರೆದದ್ದು ಸುಳ್ಳು ಅಂದೆ.

‘ಈಗ ಹೇಳೋದನ್ನ ಬರಕೊಟ್ರೆ ನಿಮ್ಮ ಹೆಸ್ರೂ ಸೇರ್ತೈತೆ, ಗೊತ್ತೈತಲ್ರಿ?’

‘ಗೊತ್ತೈತೆ.’

ಬಿಳಿ ಹಾಳೆ ಕೊಟ್ಟರು. ಕನ್ನಡದಲ್ಲಿ ಬರೆಯಲು ಕೂತೆ. ಎಷ್ಟು ಕಷ್ಟ! ಇಂಗ್ಲಿಷಿನಲ್ಲಿ ಕರ್ತೃವನ್ನು ಎಲ್ಲಿ ಬೇಕಾದರೂ ಅಡಗಿಸಿ ಬಂದ ಕೈ ಇದು. ‘ನಾನು ಹೇಳಿದೆ’ ಅಂತ ಬರೆಯಲು ಕಾಲು ಗಂಟೆ. ನಾನು. ಹೇಳಿದೆ. ಏನೂ ಆಗಲ್ಲ, ಬಡಿಸು. ಅಲ್ಪವಿರಾಮ ಎಲ್ಲಿ ಬಂತೋ ನೋಡಲಿಲ್ಲ. ಕಾನ್‌ಸ್ಟೇಬಲ್ ಒಬ್ಬ ಅವತ್ತಿನ ಫೋನಿನ ಕರೆಗಳ ಪಟ್ಟಿ ತರಿಸುತ್ತೇವೆ ಅಂದ. ಜೆರಾಕ್ಸ್ ಒಂದು ನನ್ನ ಕೈಗೆ ಕೊಟ್ಟರು, ಸೀಲು ಒತ್ತಿ.

ಹೊರಗೆ ಬಂದರೆ ಹಗುರ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಅವತ್ತು ದೇವಸ್ಥಾನದ ಬಾಗಿಲಲ್ಲಿ ಅಣ್ಣನ ಮುಖದಲ್ಲಿದ್ದ ಕಳೆ ನನ್ನ ಮುಖದಲ್ಲಿ ಇರಲಿಲ್ಲ ಅಂತ ಖಾತ್ರಿಯಾಗಿ ಗೊತ್ತು. ಅದೊಂದೇ ಸಮಾಧಾನ.

ರಶ್ಮಿತಾ ಮನೆಗೆ ಹೋದಳಂತೆ, ಮೊನ್ನೆ. ಈ ಸಲದ ಪರೀಕ್ಷೆ ಇಲ್ಲ. ಅವಳ ಅಪ್ಪನ ನಂಬರ್ ಕೇಳಿ ಬರೆದುಕೊಂಡಿದ್ದೇನೆ. ಇನ್ನೂ ಮಾಡಿಲ್ಲ. ಮಾಡಬೇಕು.

ಮನೆಯಲ್ಲಿ ಯಾರೂ ಮಾತಾಡುತ್ತಿಲ್ಲ. ಮಹಡಿಗೆ ಊಟ ಬರಲಿಲ್ಲ. ಬಾಳೆಹಣ್ಣು ತಿಂದೆ. ವಿಜಯಕುಮಾರನಿಗೆ 212 ಕಳಿಸಿದೆ. ಮೂಲ, ಅರ್ಥಗಳು, ಕನ್ನಡದಲ್ಲಿ ‘ಬಿಡಿಸು; ತೀರಿಸು’, ಎಲ್ಲ ತುಂಬಿ, ಆ ಸಣ್ಣ ಅಕ್ಷರದ ಅರ್ಥವನ್ನೂ ಉಳಿದವುಗಳ ಅಳತೆಯಲ್ಲೇ ಹಾಕಿ. ಉದಾಹರಣೆ ವಾಕ್ಯ ಮಾತ್ರ ಬರೆಯಲಿಲ್ಲ. ‘ಐದನೇ ಕಾಲಂ ಖಾಲಿ ಐತೆ ಸರ್,’ ಅಂತ ಉತ್ತರ ಬಂತು. ಇರಲಿ.

ಮಾ. 17, ಸೋಮವಾರ. ಸಾರಥಿ. 11.30

ನಾಗಕ್ಕನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಜೆರಾಕ್ಸ್ ಕೊಟ್ಟೆ. ಓದು ಅಂದೆ. ‘ನೀವೇ ಓದ್ರಿ, ದೊಡ್ಡದಾಗಿ,’ ಅಂದಳು. ಓದಿದೆ. ನಾನು ಹೇಳಿದೆ ಅನ್ನುವಲ್ಲಿ ದನಿ ಇಳಿಯಿತು. ‘ಕೇಳ್ಸಲಿಲ್ಲ,’ ಅಂದಳು. ಮತ್ತೆ ಓದಿದೆ. ಎದುರು ಮನೆಯವರು ಬಾಗಿಲಿಗೆ ಬಂದು ನಿಂತರು. ಅವರಿಗೂ ಕೇಳಿಸಿತು.

ಕಾಗದ ಮಡಿಚಿ ಕುಪ್ಪಸದೊಳಗೆ ಇಟ್ಟುಕೊಂಡಳು. ಪೊರಕೆ ಹಿಡಿದು ಅಂಗಳ ಗುಡಿಸಿದಳು, ಗುಡಿಸಿದ ಅಂಗಳವನ್ನೇ. ನಾನು ಇದನ್ನು ಬರೆಯುತ್ತ ಕೂತೆ. ಎದ್ದು ಹೋಗಲೂ ತೋಚುತ್ತಿಲ್ಲ. ಗಂಟಲು ಒಣಗಿದೆ, ಕೇಳುವ ಹಕ್ಕಿಲ್ಲ.

ಪೊರಕೆ ಮೂಲೆಗಿಟ್ಟು ಒಳಗೆ ಹೋದಳು.

ಬಂದಳು. ಹಿತ್ತಾಳೆ ತಂಬಿಗೆ. ಕೈಗೆ ಕೊಡಲಿಲ್ಲ, ಕಟ್ಟೆಯ ಮೇಲಿಟ್ಟಳು. ‘ನೀರು ಕೊಟ್ಲು, ಮುಗೀತು ಅನ್ಕೋಬ್ಯಾಡ್ರಿ ಮೇಷ್ಟ್ರೆ. ಕೋರ್ಟಿನಾಗ ನಿಂತು ಇಷ್ಟೇ ದೊಡ್ಡದಾಗಿ ಹೇಳೋ ಮಟ ಮುಗಿಯಂಗಿಲ್ಲ.’

ಹೇಳುತ್ತೇನೆ ಅಂದೆ.

ಪಕ್ಕದ ಕಟ್ಟೆಯಲ್ಲಿ ಇಬ್ಬರು ಹೆಂಗಸರು ಸೊಪ್ಪು ಸೋಸುವುದು ನಿಲ್ಲಿಸಿದ್ದಾರೆ. ಎದುರು ಬಾಗಿಲಲ್ಲಿ ಮೂವರು. ನನ್ನನ್ನಲ್ಲ, ತಂಬಿಗೆ ನೋಡುತ್ತಿದ್ದಾರೆ. ಕುಡಿಯುತ್ತಾನೋ ಇಲ್ಲವೋ ಅಂತ. ನಾಗಕ್ಕನೂ ನನ್ನನ್ನು ನೋಡುತ್ತಿಲ್ಲ, ಅವರನ್ನೇ ನೋಡುತ್ತಿದ್ದಾಳೆ. ನೀರನ್ನು ಹೊರಗೆ ಯಾಕೆ ತಂದಳು ಅಂತ ಈಗ ಗೊತ್ತಾಯಿತು. ನನ್ನ ಬಾಯಾರಿಕೆಗಲ್ಲ.

ಪೆನ್ನು ಇಡುತ್ತೇನೆ. ಎದ್ದು ನಿಂತು, ಎಲ್ಲರಿಗೂ ಕಾಣುವ ಹಾಗೆ, ಒಂದು ಹನಿ ಉಳಿಯದ ಹಾಗೆ ಆ ತಂಬಿಗೆ ನೀರು ಕುಡಿಯುತ್ತೇನೆ.